ಪಾರಿವಾಳದ ಕಾಲಿಗೆ ಕಟ್ಟಿದ ಇಂಟರ್‌ನೆಟ್

ಇಂಟರ್‌ನೆಟ್ಟಿನ ಮೂಲ ನಿಯಮಗಳು ಆರ್‌ಎಫ್‌ಸಿ ಎಂಬ ದಾಖಲೆಗಳಲ್ಲಿವೆ. 1969ರಿಂದ ಬೆಳೆಯುತ್ತ ಬಂದ ಈ ಗಂಭೀರ ಸಾಲಿನ ನಡುವೆ ಏಪ್ರಿಲ್ ಒಂದರ ತಾರೀಖು ಹೊತ್ತ ಕೆಲವು ಬರಹಗಳು ಅಪ್ಪಟ ತಮಾಷೆ. ಅಂಥ ಮೊದಲನೆಯದು 1978ರಲ್ಲೇ ಬಂತು.

ಹೆಚ್ಚು ಹೆಸರಾದದ್ದು ಮಾತ್ರ 1990ರ 1149ನೇ ದಾಖಲೆ. ಡೇವಿಡ್ ವೈಟ್ಸ್‌ಮನ್ ಬರೆದ ಇದರ ಪ್ರಕಾರ ಡೇಟಾ ಸಾಗಬೇಕಾದ್ದು ತಂತಿಯಲ್ಲಲ್ಲ, ಪಾರಿವಾಳದ ಕಾಲಲ್ಲಿ! ಡೇಟಾದ ತುಣುಕನ್ನು, ಅಂದರೆ ಪ್ಯಾಕೆಟ್ಟನ್ನು, ಹೆಕ್ಸಾಡೆಸಿಮಲ್ ಅಂಕಿಗಳಲ್ಲಿ ಸಣ್ಣ ಚೀಟಿಯ ಮೇಲೆ ಮುದ್ರಿಸಿ, ಹಕ್ಕಿಯ ಒಂದು ಕಾಲಿಗೆ ಸುತ್ತಿ, ಟೇಪ್ ಅಂಟಿಸಬೇಕು. ತಲುಪಿದ ಮೇಲೆ ಬಿಚ್ಚಿ ಸ್ಕ್ಯಾನ್ ಮಾಡಬೇಕು. ಇಷ್ಟನ್ನೂ ಎಲ್ಲೂ ನಗದೆ, ಪಕ್ಕಾ ತಾಂತ್ರಿಕ ಧಾಟಿಯಲ್ಲಿ ಬರೆದದ್ದೇ ಅದರ ಸೊಗಸು.

ಹನ್ನೊಂದು ವರ್ಷಗಳ ಬಳಿಕ, 2001ರ ಏಪ್ರಿಲ್‌ನಲ್ಲಿ, ನಾರ್ವೆಯ ಬರ್ಗೆನ್ ನಗರದ ಲಿನಕ್ಸ್ ಬಳಗ ಇದನ್ನು ಮಾಡಿಯೇ ನೋಡಿತು. ನಿಜವಾದ ಪಾರಿವಾಳಗಳು, ನಿಜವಾದ ಚೀಟಿಗಳು. ಕಳಿಸಿದ್ದು ಸಂಪರ್ಕ ಪರೀಕ್ಷಿಸುವ 9 ಪಿಂಗ್ ಪ್ಯಾಕೆಟ್, ಉತ್ತರ ಬಂದದ್ದು 4ಕ್ಕೆ. ಕಣ್ಣು ಮಿಟುಕಿಸುವಷ್ಟರಲ್ಲಿ ಬರಬೇಕಾದ ಉತ್ತರಕ್ಕೆ 53 ನಿಮಿಷದಿಂದ ಒಂದೂ ಮುಕ್ಕಾಲು ಗಂಟೆಯವರೆಗೆ ಹಿಡಿಯಿತು.

ಎಷ್ಟೇ ನಿಧಾನವಾದರೂ ಪ್ರೋಟೊಕಾಲ್ ಕೆಲಸ ಮಾಡಿತ್ತು! 2011ರಲ್ಲಿ ಇದನ್ನು ಇಂಟರ್‌ನೆಟ್ ಪ್ರೋಟೊಕಾಲಿನ ಹೊಸ ಆವೃತ್ತಿಯಾದ ಐಪಿವಿ6ಗೆ ಹೊಂದಿಸುವ ಇನ್ನೊಂದು ದಾಖಲೆಯೂ ಹೊರಬಂತು. ಅದರ ತಾರೀಖೂ ಏಪ್ರಿಲ್ ಒಂದೇ.