ವೀರಗಲ್ಲಿನಿಂದ ಬೆಳ್ಳಿತೆರೆಗೆ: 'ಮುತ್ತಿನ ಹಾರ'ದ ದಾಂಪತ್ಯ

ಕರ್ನಾಟಕದ ಜನಪದ ಸ್ಮೃತಿಯಲ್ಲಿ ಯುದ್ಧದ ದೃಶ್ಯಕಥನವೆಂದರೆ ವೀರಗಲ್ಲು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವೆ ಮಡಿದ ವೀರನನ್ನು ಕೊಂಡೊಯ್ಯುವ ಅಪ್ಸರೆಯರು, ಮೇಲೆ ಕೈಲಾಸ. ಮನೆಯಲ್ಲಿ ಕಾದು ಕುಳಿತ ಹೆಂಡತಿಗೆ ಅಲ್ಲಿ ಸಾಮಾನ್ಯವಾಗಿ ಎಡೆಯಿಲ್ಲ. ಆಕೆ ಕಾಣಿಸಿಕೊಳ್ಳುವುದು ಮಾಸ್ತಿಕಲ್ಲಿನಲ್ಲಿ, ಬಳೆ ತೊಟ್ಟು ಎತ್ತಿದ ಕೈಯಾಗಿ. ಅಂದರೆ ಸಹಗಮನದ ತರುವಾಯ. ಆಕೆಯ ಬದುಕನ್ನು ಎರಡೂ ಕಲ್ಲುಗಳು ದಾಖಲಿಸುವುದಿಲ್ಲ.

ಎಸ್.ವಿ. ರಾಜೇಂದ್ರಸಿಂಗ್ ಬಾಬು ನಿರ್ದೇಶಿಸಿದ 'ಮುತ್ತಿನ ಹಾರ' (1990) ಚಿತ್ರದ ಮಹತ್ವವನ್ನು ಈ ಹಿನ್ನೆಲೆಯಲ್ಲಿ ಗ್ರಹಿಸಬೇಕು. ಕೊಡಗಿನ ಯೋಧ ಅಚ್ಚಪ್ಪ (ವಿಷ್ಣುವರ್ಧನ್) ಹಾಗೂ ದಾದಿ ಅನ್ನಪೂರ್ಣ (ಸುಹಾಸಿನಿ) ಅವರ ಪ್ರೇಮ ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಂಕುರಿಸುತ್ತದೆ. ಕಥೆಗೆ ಕೊಡಗಿನ ಆಯ್ಕೆ ಆಕಸ್ಮಿಕವಲ್ಲ. 1949ರಲ್ಲಿ ಭೂಸೇನೆಯ ಮೊದಲ ಭಾರತೀಯ ಮಹಾದಂಡನಾಯಕರಾದ ಕೆ.ಎಂ. ಕಾರ್ಯಪ್ಪ, 1957ರಿಂದ 1961ರವರೆಗೆ ಸೇನಾ ಮುಖ್ಯಸ್ಥರಾಗಿದ್ದ ಕೆ.ಎಸ್. ತಿಮ್ಮಯ್ಯ ಇಬ್ಬರೂ ಆ ನೆಲದವರು.

ಯೋಧ ಮತ್ತು ದಾದಿಯ ಪ್ರೇಮ ವಿಶ್ವ ಚಿತ್ರರಂಗಕ್ಕೆ ಹೊಸತಲ್ಲ. ಹೆಮಿಂಗ್ವೆಯ ಕಾದಂಬರಿಯನ್ನು ಆಧರಿಸಿದ 'ಎ ಫೇರ್‌ವೆಲ್ ಟು ಆರ್ಮ್ಸ್' (1932) ಚಿತ್ರದ ನಾಯಕ ಪ್ರೇಯಸಿಗಾಗಿ ಯುದ್ಧವನ್ನೇ ತೊರೆಯುತ್ತಾನೆ. ಕನ್ನಡ ಚಿತ್ರದಲ್ಲಿ ಪ್ರೇಮವು ದಾಂಪತ್ಯವಾಗಿ ಕುಟುಂಬಕ್ಕೆ ವಿಸ್ತರಿಸುತ್ತದೆ. ಸಮರದ ಬೆಲೆಯನ್ನು ತೆರುವುದು ಆ ಕುಟುಂಬ. ಗಾಯಕ್ಕೆ ಔಷಧಿ ಹಚ್ಚುವ ಕೈ, ಮಾಸ್ತಿಕಲ್ಲಿನ ಕೈಯಂತೆ ಸಾವಿನ ಗುರುತಲ್ಲ. ಅದು ದುಡಿಯುವ ಕೈ.

ಆ ವರ್ಷದ ಅತ್ಯುತ್ತಮ ಕನ್ನಡ ಚಿತ್ರವೆಂಬ ರಾಷ್ಟ್ರಪ್ರಶಸ್ತಿ ಇದಕ್ಕೆ ಸಂದಿತು. ಜಾನಪದದ ದೃಷ್ಟಿಯಿಂದ ಇದರ ಸಾಧನೆ ಬೇರೆ: ವೀರನ ಮರಣವನ್ನು ಕೊಂಡಾಡುವ ಪರಂಪರೆಯೊಳಗೆ ಆತನೊಡನೆ ಬಾಳಿದವಳ ಕಥೆಗೂ ಇದು ಒಂದು ಪಟ್ಟಿಕೆಯನ್ನು ಕೆತ್ತಿತು.