ಬಿಡುವಿನ ಬಳಿಕ ಸ್ಟಾರ್ಟ್ ಆಗದ ಲಾನ್ ಮೋವರ್: ದೆಹಲಿ ಬಿಸಿಲಲ್ಲಿ ಯಂತ್ರ ಕೈಕೊಡುವುದೇಕೆ? ಪರಿಹಾರ ಏನು?

ನವದೆಹಲಿ: ಬೆಳಗ್ಗೆ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆದ ಯಂತ್ರ ಎರಡು ಗಂಟೆ ಚೆನ್ನಾಗಿಯೇ ಹುಲ್ಲು ಕತ್ತರಿಸಿರುತ್ತದೆ. ಮಾಲಿ ಚಹಾ ಕುಡಿದು ಬಂದು ಕೀ ತಿರುಗಿಸಿದರೆ ಸದ್ದೇ ಇಲ್ಲ. ಇಲ್ಲವೇ ಎಂಜಿನ್ ಗರಗರ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ. ಒಂದು ಗಂಟೆ ಬಿಟ್ಟು ನೋಡಿದರೆ ಏನೂ ಆಗದಂತೆ ಮತ್ತೆ ಸ್ಟಾರ್ಟ್ ಆಗುತ್ತದೆ! ಕುಳಿತು ಓಡಿಸುವ ಲಾನ್ ಮೋವರ್‌ಗಳಲ್ಲಿ ಅತಿ ಹೆಚ್ಚು ಕಾಣುವ, ಮೆಕ್ಯಾನಿಕ್‌ಗಳನ್ನೂ ಗೊಂದಲಕ್ಕೆ ಕೆಡಹುವ ದೋಷ ಇದು.

ದೆಹಲಿ ಎನ್‌ಸಿಆರ್‌ನಲ್ಲಿ ಈ ಸಮಸ್ಯೆ ಚಿಕ್ಕದಲ್ಲ. ಗಾಲ್ಫ್ ಮೈದಾನ, ಛತರ್‌ಪುರದ ಫಾರ್ಮ್‌ಹೌಸ್, ಗುರುಗ್ರಾಮ ಮತ್ತು ನೋಯ್ಡಾದ ದೊಡ್ಡ ವಸತಿ ಸಮುಚ್ಚಯ, ಶಾಲಾ ಕಾಲೇಜುಗಳ ಆವರಣ ಹೀಗೆ ಎಕರೆಗಟ್ಟಲೆ ಹುಲ್ಲುಹಾಸು ಇರುವಲ್ಲಿ ಈ ಯಂತ್ರ ಬೇಕೇ ಬೇಕು. ಮೇ, ಜೂನ್‌ನಲ್ಲಿ ಇಲ್ಲಿನ ತಾಪಮಾನ 45 ಡಿಗ್ರಿ ದಾಟುವುದು ಹೊಸದೇನಲ್ಲ. 2024ರ ಮೇ ಕೊನೆಯಲ್ಲಿ ಬಿಸಿಗಾಳಿ ತೀವ್ರವಾದಾಗ, ಕಟ್ಟಡ ಕಾರ್ಮಿಕರಿಗೆ ಮಧ್ಯಾಹ್ನ 12ರಿಂದ 3 ಗಂಟೆಯವರೆಗೆ ವೇತನಸಹಿತ ಬಿಡುವು ನೀಡುವಂತೆ ಲೆಫ್ಟಿನೆಂಟ್ ಗವರ್ನರ್ ವಿ.ಕೆ. ಸಕ್ಸೇನಾ ಸೂಚಿಸಿದ್ದರು. ತೋಟದ ಕೆಲಸಗಾರರಿಗೆ ಸುಡುವುದೂ ಅದೇ ಬಿಸಿಲು. ಬೆಳಗಿನ ತಂಪಿನಲ್ಲಿ ಯಂತ್ರ ಕೈಕೊಟ್ಟರೆ ಉಳಿದ ಕೆಲಸ ನಡುಹಗಲಿಗೆ ಬೀಳುತ್ತದೆ. ಅವಸರದಲ್ಲಿ ಸುರಕ್ಷತಾ ಸ್ವಿಚ್‌ನ ವೈರ್ ಕಿತ್ತು ಜೋಡಿಸುವ, ಬಿಸಿ ಎಂಜಿನ್ ಪಕ್ಕದಲ್ಲೇ ಪೆಟ್ರೋಲ್ ಸುರಿಯುವ ಅಪಾಯಕಾರಿ ಅಡ್ಡದಾರಿಗಳು ಶುರುವಾಗುವುದೂ ಆಗಲೇ.

ಹಾಗಾದರೆ ಬಿಡುವಿನ ನಂತರವೇ ಯಂತ್ರ ಹೀಗೆ ಮಾಡುವುದೇಕೆ? ಎಲ್ಲಿಂದ ಪರೀಕ್ಷೆ ಶುರು ಮಾಡಬೇಕು? ಇಲ್ಲಿದೆ ಮಾಹಿತಿ.

ನಿಂತ ಮೇಲೆ ಬಿಸಿ ಏರುತ್ತದೆ!

ಎಂಜಿನ್ ನಿಲ್ಲಿಸಿದ ಕೂಡಲೇ ತಣ್ಣಗಾಗುತ್ತದೆ ಎಂಬುದು ಹಲವರ ನಂಬಿಕೆ. ಗಾಳಿಯಿಂದ ತಂಪಾಗುವ ಸಣ್ಣ ಪೆಟ್ರೋಲ್ ಎಂಜಿನ್‌ಗಳಲ್ಲಿ ಆಗುವುದು ಇದರ ಉಲ್ಟಾ. ಎಂಜಿನ್ ಓಡುತ್ತಿರುವಾಗ ಫ್ಲೈವೀಲ್‌ನಲ್ಲಿರುವ ಫ್ಯಾನ್ ಸಿಲಿಂಡರ್ ಮೇಲೆ ಗಾಳಿ ಬೀಸುತ್ತಲೇ ಇರುತ್ತದೆ. ಕೀ ಆಫ್ ಮಾಡಿದರೆ ಫ್ಯಾನ್ ಕೂಡ ನಿಲ್ಲುತ್ತದೆ. ಆಗ ಸಿಲಿಂಡರ್ ಮತ್ತು ಸೈಲೆನ್ಸರ್‌ನಲ್ಲಿ ತುಂಬಿರುವ ಶಾಖ ಅಕ್ಕಪಕ್ಕದ ಕಾರ್ಬ್ಯುರೇಟರ್, ಪೆಟ್ರೋಲ್ ಪೈಪ್, ಇಗ್ನಿಷನ್ ಕಾಯಿಲ್ ಕಡೆಗೆ ಹರಿಯುತ್ತದೆ. ಹೀಗಾಗಿ ಯಂತ್ರ ನಿಲ್ಲಿಸಿದ ಮೊದಲ ಅರ್ಧ ಗಂಟೆಯಲ್ಲಿ ಈ ಭಾಗಗಳು ಓಡುವಾಗ ಇದ್ದದ್ದಕ್ಕಿಂತಲೂ ಹೆಚ್ಚು ಬಿಸಿಯಾಗುತ್ತವೆ.

ಚಹಾ ವಿರಾಮ ಮುಗಿಯುವುದೂ ಅಷ್ಟೇ ಹೊತ್ತಿಗೆ. ಮಾಲಿ ಮರಳಿ ಬರುವ ವೇಳೆಗೆ ಯಂತ್ರದ ದುರ್ಬಲ ಭಾಗ ಯಾವುದಿದೆಯೋ ಅದು ಸೋತಿರುತ್ತದೆ.

ಮೊದಲು ಸದ್ದು ಕೇಳಿ

ಬಿಡಿಭಾಗ ಬದಲಿಸುವ ಮೊದಲು ಕೀ ತಿರುಗಿಸಿದಾಗ ಏನಾಗುತ್ತದೆ ಎಂಬುದನ್ನು ಗಮನಿಸಬೇಕು. ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

* ಏನೂ ಸದ್ದಿಲ್ಲ: ಸುರಕ್ಷತಾ ಸ್ವಿಚ್, ಫ್ಯೂಸ್ ಅಥವಾ ಬ್ಯಾಟರಿ ಸಂಪರ್ಕದ ದೋಷ
* ಬರೀ 'ಟಕ್' ಎಂಬ ಸದ್ದು: ಬ್ಯಾಟರಿ ದುರ್ಬಲ, ಟರ್ಮಿನಲ್ ಸಡಿಲ ಅಥವಾ ಸೊಲೆನಾಯ್ಡ್ ದೋಷ
* ಅರ್ಧ ಸುತ್ತು ತಿರುಗಿ ಗಕ್ಕೆಂದು ನಿಲ್ಲುತ್ತದೆ: ಬ್ಯಾಟರಿ ದುರ್ಬಲ ಅಥವಾ ವಾಲ್ವ್ ಅಂತರ ತಪ್ಪಿದೆ
* ಚೆನ್ನಾಗಿ ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ: ಪ್ಲಗ್‌ಗೆ ಕಿಡಿ ಇಲ್ಲ ಅಥವಾ ಪೆಟ್ರೋಲ್ ತೊಂದರೆ

ಸದ್ದೇ ಇಲ್ಲದಿದ್ದರೆ: ಸ್ವಿಚ್‌ಗಳಿಂದ ಶುರು ಮಾಡಿ

ಬಹುತೇಕ ರೈಡಿಂಗ್ ಮೋವರ್‌ಗಳಲ್ಲಿ ಬ್ಲೇಡ್ ಚಾಲೂ ಸ್ಥಿತಿಯಲ್ಲಿದ್ದರೆ ಅಥವಾ ಬ್ರೇಕ್ ಪೆಡಲ್ ಪೂರ್ತಿ ಒತ್ತದಿದ್ದರೆ ಸೆಲ್ಫ್ ಮೋಟರ್‌ಗೆ ಕರೆಂಟ್ ಹೋಗುವುದಿಲ್ಲ. ಬಿಡುವಿಗೆ ಇಳಿಯುವಾಗ ಬ್ಲೇಡ್ ಲಿವರ್ ಅಥವಾ ಬಟನ್ ಆಫ್ ಮಾಡುವುದನ್ನು ಮರೆತಿದ್ದರೆ ಬಂದು ಎಷ್ಟು ಸಲ ಕೀ ತಿರುಗಿಸಿದರೂ ಪ್ರಯೋಜನವಿಲ್ಲ. ಮೊದಲು ಬ್ಲೇಡ್ ಆಫ್, ಗೇರ್ ನ್ಯೂಟ್ರಲ್, ಸೀಟಿನಲ್ಲಿ ಸರಿಯಾಗಿ ಕುಳಿತು ಬ್ರೇಕ್ ಪೂರ್ತಿ ಒತ್ತಿ ನೋಡಬೇಕು.

ಆಗಲೂ ಆಗದಿದ್ದರೆ ಸೀಟ್ ಕೆಳಗಿನ ಮತ್ತು ಬ್ರೇಕ್ ಬಳಿಯ ಸ್ವಿಚ್‌ಗಳ ಕನೆಕ್ಟರ್ ಸಡಿಲವಾಗಿದೆಯೇ, ಹುಲ್ಲಿನ ಚೂರು ಸೇರಿಕೊಂಡಿದೆಯೇ ಎಂದು ನೋಡಬೇಕು. ನಂತರ ಫ್ಯೂಸ್.

ಇನ್ನೊಂದು ಸಾಮಾನ್ಯ ತಪ್ಪು, ಎಂಜಿನ್ ನಿಂತ ಮೇಲೂ ಕೀಯನ್ನು 'ಆನ್' ಸ್ಥಿತಿಯಲ್ಲೇ ಬಿಡುವುದು. ಹೆಡ್‌ಲೈಟ್ ಮತ್ತು ಕಾರ್ಬ್ಯುರೇಟರ್‌ನ ಸೊಲೆನಾಯ್ಡ್ ಬಿಡುವಿನುದ್ದಕ್ಕೂ ಬ್ಯಾಟರಿಯನ್ನು ಹೀರುತ್ತಿರುತ್ತವೆ. ಹಳೆಯ ಬ್ಯಾಟರಿಗೆ ಅಷ್ಟೇ ಸಾಕು.

ಬ್ಯಾಟರಿ: ಮೂರು ಅಳತೆಗಳಲ್ಲಿ ತೀರ್ಮಾನ

ಸಾಮಾನ್ಯ ಮಲ್ಟಿಮೀಟರ್ ಇದ್ದರೆ ಈ ಪರೀಕ್ಷೆಗೆ 5 ನಿಮಿಷ ಸಾಕು.

* ಎಂಜಿನ್ ನಿಂತಿರುವಾಗ: 12.6 ವೋಲ್ಟ್ ಆಸುಪಾಸು ಇದ್ದರೆ ಬ್ಯಾಟರಿ ಪೂರ್ತಿ ಚಾರ್ಜ್ ಆಗಿದೆ. 12 ವೋಲ್ಟ್‌ಗೆ ಇಳಿದಿದ್ದರೆ ಬಹುತೇಕ ಖಾಲಿ
* ಸೆಲ್ಫ್ ಹೊಡೆಯುವಾಗ: 9.6 ವೋಲ್ಟ್‌ಗಿಂತ ಕೆಳಗೆ ಕುಸಿದರೆ ಬ್ಯಾಟರಿ ದುರ್ಬಲ
* ಎಂಜಿನ್ ಓಡುವಾಗ: 13.5ರಿಂದ 14.5 ವೋಲ್ಟ್ ಇರಬೇಕು. ಇಲ್ಲದಿದ್ದರೆ ಯಂತ್ರ ಬ್ಯಾಟರಿಯನ್ನು ಚಾರ್ಜ್ ಮಾಡುತ್ತಿಲ್ಲ

ಮೂರನೇ ಅಳತೆಯನ್ನು ಹೆಚ್ಚಿನವರು ಬಿಟ್ಟುಬಿಡುತ್ತಾರೆ. ರಾತ್ರಿ ಚಾರ್ಜರ್‌ಗೆ ಹಾಕಿದ ಬ್ಯಾಟರಿ ಬೆಳಗ್ಗೆ ಸ್ಟಾರ್ಟ್ ಮಾಡಿಕೊಡುತ್ತದೆ. ಚಾರ್ಜಿಂಗ್ ಕೆಟ್ಟಿದ್ದರೆ ಎರಡನೇ ಸಲಕ್ಕೆ ಶಕ್ತಿ ಉಳಿದಿರುವುದಿಲ್ಲ. ಇಂಥಲ್ಲಿ ಹೊಸ ಬ್ಯಾಟರಿ ಹಾಕಿದರೂ ಕೆಲವೇ ದಿನದಲ್ಲಿ ಅದೇ ಕಥೆ. ಬಿಳಿ ಅಥವಾ ಹಸಿರು ಪುಡಿ ಕಟ್ಟಿದ ಟರ್ಮಿನಲ್‌ಗಳನ್ನು ಉಜ್ಜಿ ಸ್ವಚ್ಛ ಮಾಡಿ ಬಿಗಿ ಮಾಡುವುದು ಖರ್ಚಿಲ್ಲದ ಪರಿಹಾರ.

ಎಂಜಿನ್ ಅರ್ಧ ಸುತ್ತಿಗೆ ನಿಂತು ಬ್ಯಾಟರಿಯೂ ಸರಿಯಿದ್ದರೆ ವಾಲ್ವ್ ಅಂತರ ಪರೀಕ್ಷಿಸಬೇಕು. ಸ್ಟಾರ್ಟ್ ಮಾಡುವಾಗ ಸಿಲಿಂಡರ್‌ನ ಒತ್ತಡವನ್ನು ಸ್ವಲ್ಪ ಬಿಟ್ಟುಕೊಡುವ ವ್ಯವಸ್ಥೆ ಎಂಜಿನ್ ಒಳಗೇ ಇರುತ್ತದೆ. ವಾಲ್ವ್ ಅಂತರ ಹೆಚ್ಚಾದರೆ ಅದು ಕೆಲಸ ಮಾಡುವುದಿಲ್ಲ, ಸೆಲ್ಫ್ ಮೋಟರ್ ಪೂರ್ತಿ ಒತ್ತಡದ ಎದುರು ತಿಣುಕಾಡುತ್ತದೆ.

ತಿರುಗುತ್ತದೆ, ಹೊತ್ತಿಕೊಳ್ಳುವುದಿಲ್ಲ: ಕಿಡಿ ಇದೆಯೇ?

ಬಿಸಿಯಾದಾಗ ಸತ್ತು, ತಣ್ಣಗಾದಾಗ ಬದುಕುವ ಭಾಗ ಎಂದರೆ ಇಗ್ನಿಷನ್ ಕಾಯಿಲ್. ಕಾಯಿಲ್ ಒಳಗೆ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಸಾವಿರಾರು ಸುತ್ತುಗಳಿರುತ್ತವೆ. ಹಳೆಯದಾದಂತೆ ಅದರ ಹೊದಿಕೆಯಲ್ಲಿ ಸೂಕ್ಷ್ಮ ಬಿರುಕು ಮೂಡುತ್ತದೆ. ಬಿಸಿಗೆ ಹಿಗ್ಗಿದಾಗ ಸಂಪರ್ಕ ತಪ್ಪುತ್ತದೆ, ತಣ್ಣಗಾದಾಗ ಮತ್ತೆ ಕೂಡುತ್ತದೆ.

ಹಾಗಾಗಿ ತಣ್ಣಗಿರುವಾಗ ಪರೀಕ್ಷಿಸಿ 'ಕಾಯಿಲ್ ಚೆನ್ನಾಗಿದೆ' ಎಂದರೆ ನಂಬುವಂತಿಲ್ಲ. ಯಂತ್ರ ಸ್ಟಾರ್ಟ್ ಆಗದೆ ನಿಂತಿರುವ ಆ ಹೊತ್ತಿನಲ್ಲೇ ನೋಡಬೇಕು. ಪ್ಲಗ್ ಮತ್ತು ಅದರ ವೈರ್ ನಡುವೆ ಸ್ಪಾರ್ಕ್ ಟೆಸ್ಟರ್ ಜೋಡಿಸಿ ಸೆಲ್ಫ್ ಹೊಡೆದರೆ ಬೆಳಕು ಮಿನುಗಬೇಕು. ಬಿಸಿಯಲ್ಲಿ ಮಿನುಗದೆ ತಣಿದ ಮೇಲೆ ಮಿನುಗಿದರೆ ಕಾಯಿಲ್ ಬದಲಿಸುವುದೇ ದಾರಿ. ಬಿಸಿಯಲ್ಲೂ ತಣ್ಣಗಿದ್ದಾಗಲೂ ಕಿಡಿ ಇಲ್ಲದಿದ್ದರೆ ಸುರಕ್ಷತಾ ಸ್ವಿಚ್ ಮತ್ತು ಕೀ ಸ್ವಿಚ್‌ನ ವೈರಿಂಗ್ ಕಡೆ ನೋಡಬೇಕು. ಪ್ಲಗ್ ಕಳಚಿ ಎಂಜಿನ್‌ಗೆ ತಾಗಿಸಿ ಕಿಡಿ ನೋಡುವ ಹಳೆಯ ಪದ್ಧತಿ ಪೆಟ್ರೋಲ್ ಆವಿ ಇರುವಲ್ಲಿ ಬೆಂಕಿಗೆ ಆಹ್ವಾನ.

ಪ್ಲಗ್ ಅಗ್ಗದ ವಸ್ತು. ಮಸಿ ಕಟ್ಟಿದ್ದರೆ ಹೊಸದನ್ನು ಹಾಕುವುದೇ ಲೇಸು. ಅದರ ಗ್ಯಾಪ್ ಹಲವು ಎಂಜಿನ್‌ಗಳಲ್ಲಿ 0.75 ಮಿಲಿಮೀಟರ್. ಆದರೂ ಯಂತ್ರದ ಕೈಪಿಡಿಯಲ್ಲಿರುವ ಅಳತೆಯನ್ನೇ ಅನುಸರಿಸಬೇಕು.

ಕಿಡಿ ಇದ್ದರೆ ಪೆಟ್ರೋಲ್ ಕಡೆ ನೋಡಿ

ಮೊದಲ ಪರೀಕ್ಷೆ ಟ್ಯಾಂಕ್‌ನ ಮುಚ್ಚಳ. ಮುಚ್ಚಳದಲ್ಲಿ ಗಾಳಿ ಒಳಹೋಗಲು ಸಣ್ಣ ರಂಧ್ರ ಇರುತ್ತದೆ. ದೆಹಲಿಯ ಧೂಳು ಬಿರುಗಾಳಿ 'ಆಂಧಿ'ಗೆ ಸಿಕ್ಕಿದ ಯಂತ್ರದಲ್ಲಿ ಇದು ಮುಚ್ಚಿಹೋಗುವುದು ಸುಲಭ. ಪೆಟ್ರೋಲ್ ಖರ್ಚಾದಂತೆ ಟ್ಯಾಂಕ್‌ನೊಳಗೆ ನಿರ್ವಾತ ಉಂಟಾಗಿ ಪೆಟ್ರೋಲ್ ಹರಿವು ನಿಲ್ಲುತ್ತದೆ. ಎಂಜಿನ್ ತಣಿದ ಮೇಲೆ ಮುಚ್ಚಳ ಸಡಿಲಿಸಿದಾಗ 'ಸುಯ್' ಎಂದು ಗಾಳಿ ಒಳನುಗ್ಗಿ, ನಂತರ ಯಂತ್ರ ಸ್ಟಾರ್ಟ್ ಆದರೆ ಕಳ್ಳ ಸಿಕ್ಕಿಬಿದ್ದಂತೆ.

ಎರಡನೆಯದು ಆವಿ ತಡೆ, ಅಂದರೆ ವೇಪರ್ ಲಾಕ್. ಪೆಟ್ರೋಲ್‌ನ ಹಗುರ ಅಂಶಗಳು 40 ಡಿಗ್ರಿಗೂ ಮೊದಲೇ ಆವಿಯಾಗತೊಡಗುತ್ತವೆ. ಬಿಸಿಲೇ 45 ಡಿಗ್ರಿ ಇರುವಾಗ, ಸೈಲೆನ್ಸರ್ ಪಕ್ಕದಲ್ಲಿ ಹಾದುಹೋಗುವ ಪೈಪ್‌ನಲ್ಲಿ ಪೆಟ್ರೋಲ್ ಬದಲು ಗುಳ್ಳೆ ತುಂಬಿಕೊಳ್ಳುತ್ತದೆ. ಪೈಪನ್ನು ಮೂಲ ಜಾಗದಲ್ಲೇ ಕ್ಲಿಪ್ ಹಾಕಿ ಕೂರಿಸುವುದು, ಕಳಚಿಹೋದ ಶಾಖ ತಡೆ ತಗಡನ್ನು ಮತ್ತೆ ಹಾಕುವುದು, ಯಂತ್ರವನ್ನು ನೆರಳಿನಲ್ಲಿ ನಿಲ್ಲಿಸುವುದು ಇದಕ್ಕೆ ಪರಿಹಾರ.

ಮೂರನೆಯದು ಅತಿಯಾದ ಪೆಟ್ರೋಲ್. ಬಿಸಿ ಎಂಜಿನ್‌ಗೆ ಚೋಕ್ ಎಳೆದು ಸ್ಟಾರ್ಟ್ ಮಾಡಿದರೆ ಪ್ಲಗ್ ಒದ್ದೆಯಾಗುತ್ತದೆ. ಬಿಸಿ ಇರುವಾಗ ಸಾಮಾನ್ಯವಾಗಿ ಚೋಕ್ ಬೇಡ. ಈಗಾಗಲೇ ಪ್ಲಗ್ ಒದ್ದೆಯಾಗಿದ್ದರೆ ಚೋಕ್ ಪೂರ್ತಿ ಬಿಟ್ಟು, ಥ್ರಾಟಲ್ ಪೂರ್ತಿ ಮೇಲಿಟ್ಟು, ಒಮ್ಮೆಗೆ 5ರಿಂದ 10 ಸೆಕೆಂಡ್ ಮಾತ್ರ ಸೆಲ್ಫ್ ಹೊಡೆಯಬೇಕು. ನಡುವೆ ಒಂದು ನಿಮಿಷ ಬಿಡುವು ಕೊಡದಿದ್ದರೆ ಸೆಲ್ಫ್ ಮೋಟರ್ ಸುಟ್ಟುಹೋಗಬಹುದು.

ಕಾರ್ಬ್ಯುರೇಟರ್ ಕೆಳಗೆ ಸೊಲೆನಾಯ್ಡ್ ಇರುವ ಯಂತ್ರಗಳಲ್ಲಿ ಕೀ 'ಆನ್' ಮಾಡಿದ ತಕ್ಷಣ ಅಲ್ಲಿಂದ ಸಣ್ಣ 'ಕ್ಲಿಕ್' ಕೇಳಬೇಕು. ಕೇಳದಿದ್ದರೆ ಪೆಟ್ರೋಲ್ ದಾರಿ ಮುಚ್ಚಿಯೇ ಇದೆ ಎಂದರ್ಥ.

ಆಯಿಲ್‌ನಲ್ಲಿ ಪೆಟ್ರೋಲ್ ವಾಸನೆ ಇದ್ದರೆ ಸ್ಟಾರ್ಟ್ ಮಾಡಬೇಡಿ

ಕಾರ್ಬ್ಯುರೇಟರ್‌ನ ನೀಡಲ್ ಸವೆದಿದ್ದರೆ ಯಂತ್ರ ನಿಂತಿರುವಾಗಲೂ ಪೆಟ್ರೋಲ್ ಸೋರಿ ಎಂಜಿನ್ ಒಳಗೆ ಇಳಿಯುತ್ತದೆ. ಡಿಪ್‌ಸ್ಟಿಕ್ ತೆಗೆದಾಗ ಆಯಿಲ್ ಮಟ್ಟ ಗುರುತಿಗಿಂತ ಮೇಲೇರಿದ್ದು ಪೆಟ್ರೋಲ್ ವಾಸನೆ ಬಂದರೆ ಎಂಜಿನ್ ಓಡಿಸಲೇಬಾರದು. ತೆಳುವಾದ ಆಯಿಲ್‌ನಲ್ಲಿ ಬೇರಿಂಗ್ ಹಾಳಾಗುತ್ತದೆ, ಬೆಂಕಿಯ ಅಪಾಯವೂ ಇದೆ. ನೀಡಲ್ ಸರಿಪಡಿಸಿ, ಆಯಿಲ್ ಮತ್ತು ಫಿಲ್ಟರ್ ಬದಲಿಸಿದ ಬಳಿಕವೇ ಮುಂದಿನ ಕೆಲಸ.

ಇ20 ಪೆಟ್ರೋಲ್ ಮತ್ತು ಚಳಿಗಾಲದ ದೀರ್ಘ ಬಿಡುವು

ಚಹಾ ವಿರಾಮದಂತೆಯೇ ದೆಹಲಿಯ ಹುಲ್ಲುಹಾಸಿಗೆ ಇನ್ನೊಂದು ಬಿಡುವಿದೆ. ಇಲ್ಲಿನ ಲಾನ್‌ಗಳಲ್ಲಿ ಹೆಚ್ಚಾಗಿ ಇರುವುದು 'ದೂಬ್', ಅಂದರೆ ನಮ್ಮ ಗಣಪನಿಗೆ ಏರಿಸುವ ಗರಿಕೆಯೇ. ಮಳೆಗಾಲದಲ್ಲಿ ಹುಚ್ಚೆದ್ದು ಬೆಳೆಯುವ ಈ ಹುಲ್ಲು ಡಿಸೆಂಬರ್, ಜನವರಿಯ ಚಳಿಗೆ ಬೆಳವಣಿಗೆ ನಿಲ್ಲಿಸಿ ಕಂದುಬಣ್ಣಕ್ಕೆ ತಿರುಗುತ್ತದೆ. ಮೋವರ್ ವಾರಗಟ್ಟಲೆ ಮೂಲೆ ಸೇರುತ್ತದೆ.

ಶೇ.20ರಷ್ಟು ಎಥೆನಾಲ್ ಬೆರೆತ ಇ20 ಪೆಟ್ರೋಲ್‌ಗೆ 2023ರ ಫೆಬ್ರವರಿ 6ರಂದು ಬೆಂಗಳೂರಿನಲ್ಲಿ ನಡೆದ ಇಂಡಿಯಾ ಎನರ್ಜಿ ವೀಕ್‌ನಲ್ಲಿ ಪ್ರಧಾನಿ ನರೇಂದ್ರ ಮೋದಿ ಚಾಲನೆ ನೀಡಿದ್ದರು. ಈಗ ಬಂಕ್‌ಗಳಲ್ಲಿ ಸಾಮಾನ್ಯವಾಗಿ ಸಿಗುವುದು ಅದೇ. ಎಥೆನಾಲ್ ಇಲ್ಲದ ಪೆಟ್ರೋಲ್ ಆಯ್ಕೆಯೂ ಇರಬೇಕೆಂದು ಕೋರಿದ್ದ ಅರ್ಜಿಯನ್ನು 2025ರ ಸೆಪ್ಟೆಂಬರ್ 1ರಂದು ಸುಪ್ರೀಂ ಕೋರ್ಟ್ ವಜಾಗೊಳಿಸಿತು. ಆದರೆ ಬ್ರಿಗ್ಸ್ ಆ್ಯಂಡ್ ಸ್ಟ್ರ್ಯಾಟನ್, ಹೋಂಡಾದಂತಹ ಕಂಪನಿಗಳ ಲಾನ್ ಮೋವರ್ ಎಂಜಿನ್ ಕೈಪಿಡಿಗಳಲ್ಲಿ ಸಾಮಾನ್ಯವಾಗಿ ಇರುವ ಮಿತಿ ಶೇ.10 ಎಥೆನಾಲ್.

ಎಥೆನಾಲ್ ಗಾಳಿಯಲ್ಲಿನ ತೇವ ಹೀರುತ್ತದೆ. ತಿಂಗಳುಗಟ್ಟಲೆ ನಿಂತ ಟ್ಯಾಂಕ್‌ನಲ್ಲಿ ನೀರು ಸೇರಿದ ಎಥೆನಾಲ್ ಬೇರ್ಪಟ್ಟು ತಳಕ್ಕೆ ಇಳಿಯಬಹುದು. ಕಾರ್ಬ್ಯುರೇಟರ್ ಮೊದಲು ಎಳೆದುಕೊಳ್ಳುವುದು ಆ ತಳದ ನೀರನ್ನೇ. ಹಳೆಯ ಯಂತ್ರಗಳ ರಬ್ಬರ್ ಪೈಪ್, ಸೀಲ್‌ಗಳೂ ಮೆತ್ತಗಾಗುತ್ತವೆ. ಹೊಸ ಮೋವರ್ ಕೊಳ್ಳುವಾಗ 'ಇ20ಗೆ ಹೊಂದುತ್ತದೆಯೇ' ಎಂದು ಲಿಖಿತವಾಗಿ ಕೇಳಿ ಪಡೆಯುವುದು ಒಳ್ಳೆಯದು. ಇರುವ ಯಂತ್ರವಾದರೆ ಒಂದು ತಿಂಗಳಿಗೆ ಸಾಕಾಗುವಷ್ಟೇ ಪೆಟ್ರೋಲ್ ತರಬೇಕು. ಚಳಿಗಾಲಕ್ಕೆ ಮುನ್ನ ಟ್ಯಾಂಕ್ ಖಾಲಿ ಮಾಡಿ, ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿ, ಬ್ಯಾಟರಿಯ ನೆಗೆಟಿವ್ ವೈರ್ ಕಳಚಿಡಬೇಕು.

ಈ ಅಡ್ಡದಾರಿಗಳು ಬೇಡ

* ಸೀಟ್ ಸ್ವಿಚ್‌ಗೆ ವೈರ್ ಸುತ್ತಿ ಬೈಪಾಸ್ ಮಾಡಬಾರದು. ಓಡಿಸುವವರು ಬಿದ್ದರೆ ಬ್ಲೇಡ್ ನಿಲ್ಲಿಸುವುದು ಅದೊಂದೇ
* ಯಂತ್ರದ ಕೆಳಗೆ ಕೈ ಹಾಕುವ ಮುನ್ನ ಕೀ ತೆಗೆದು, ಪ್ಲಗ್ ವೈರ್ ಕಳಚಿ, ಪಾರ್ಕಿಂಗ್ ಬ್ರೇಕ್ ಹಾಕಬೇಕು
* ಬಿಸಿ ಎಂಜಿನ್ ಇರುವಾಗ ಪೆಟ್ರೋಲ್ ತುಂಬಬಾರದು
* ಕಾರ್ಬ್ಯುರೇಟರ್ ಅಥವಾ ಎಂಜಿನ್ ಮೇಲೆ ನೀರು ಸುರಿದು ತಣಿಸಬಾರದು. ಬಿಸಿ ಲೋಹ ಬಿರುಕು ಬಿಡಬಹುದು
* ಕಾರಿನ ಬ್ಯಾಟರಿಯಿಂದ ಸ್ಟಾರ್ಟ್ ಮಾಡುವುದಾದರೆ ಕಾರಿನ ಎಂಜಿನ್ ಆಫ್ ಇರಬೇಕು. ಎರಡೂ 12 ವೋಲ್ಟ್ ಇರಬೇಕು

ಬಿಡುವಿಗೆ ಇಳಿಯುವ ಮುನ್ನ 2 ನಿಮಿಷ

ಈ ದೋಷದ ದೊಡ್ಡ ಪಾಲನ್ನು ತಡೆಯಲು ಬಿಡಿಭಾಗ ಬೇಕಿಲ್ಲ, ಅಭ್ಯಾಸ ಸಾಕು. ಕೆಲಸ ನಿಲ್ಲಿಸುವಾಗ ಬ್ಲೇಡ್ ಆಫ್ ಮಾಡಿ, ಯಂತ್ರವನ್ನು ನೆರಳಿಗೆ ತಂದು, ಒಂದೆರಡು ನಿಮಿಷ ಭಾರವಿಲ್ಲದೆ ಓಡಲು ಬಿಟ್ಟು ನಂತರ ಕೀ ಆಫ್ ಮಾಡಿ ತೆಗೆದಿಟ್ಟುಕೊಳ್ಳಬೇಕು. ಆಗ ಫ್ಯಾನ್ ಶಾಖದ ಒಂದು ಪಾಲನ್ನು ಹೊರಹಾಕಿರುತ್ತದೆ. ಒಣಹುಲ್ಲು ಇರುವಲ್ಲಿ ಬಿಸಿ ಸೈಲೆನ್ಸರ್ ತಾಗುವಂತೆ ನಿಲ್ಲಿಸಬಾರದು.

ಎಂಜಿನ್ ಮೇಲಿನ ಜಾಲರಿ ಮತ್ತು ಸಿಲಿಂಡರ್‌ನ ರೆಕ್ಕೆಗಳಲ್ಲಿ ತುಂಬಿದ ಹುಲ್ಲು, ಧೂಳನ್ನು ಯಂತ್ರ ತಣ್ಣಗಿರುವಾಗ ಬ್ರಷ್‌ನಿಂದ ತೆಗೆಯಬೇಕು. ಅಲ್ಲಿ ಗಾಳಿ ಆಡದಿದ್ದರೆ ಮೇಲೆ ಹೇಳಿದ ಎಲ್ಲ ತೊಂದರೆಗಳೂ ಬೇಗ ಬರುತ್ತವೆ. ಧೂಳು ಹೆಚ್ಚಿರುವ ಏಪ್ರಿಲ್‌ನಿಂದ ಜೂನ್ ಅವಧಿಯಲ್ಲಿ ಏರ್ ಫಿಲ್ಟರ್‌ ಅನ್ನು ಕೈಪಿಡಿ ಹೇಳುವುದಕ್ಕಿಂತ ಬೇಗನೇ ನೋಡುವುದು ಒಳಿತು.

ಫ್ಯೂಸ್, ಟರ್ಮಿನಲ್, ಪೆಟ್ರೋಲ್ ಪೈಪ್‌ನಂತಹ ಸಾಮಾನ್ಯ ಸಾಮಗ್ರಿ ಕಾಶ್ಮೀರಿ ಗೇಟ್‌ನ ಆಟೋ ಬಿಡಿಭಾಗಗಳ ಮಾರುಕಟ್ಟೆಯಲ್ಲಿ ಸಿಗುತ್ತದೆ. ಕಾಯಿಲ್, ಕಾರ್ಬ್ಯುರೇಟರ್ ಮಾತ್ರ ಎಂಜಿನ್‌ನಿಂದ ಎಂಜಿನ್‌ಗೆ ಬೇರೆ. ಎಂಜಿನ್ ಮೇಲೆ ಅಚ್ಚೊತ್ತಿರುವ ಮಾಡೆಲ್ ಸಂಖ್ಯೆಯ ಫೋಟೊ ತೆಗೆದುಕೊಂಡು ಹೋಗಬೇಕು. ಮೆಕ್ಯಾನಿಕ್‌ಗೆ 'ಸ್ಟಾರ್ಟ್ ಆಗ್ತಿಲ್ಲ' ಎಂದಷ್ಟೇ ಹೇಳದೆ, ಎಷ್ಟು ಹೊತ್ತು ಓಡಿದ ಮೇಲೆ, ಎಷ್ಟು ನಿಮಿಷದ ಬಿಡುವಿನ ನಂತರ, ಯಾವ ಸದ್ದಿನೊಂದಿಗೆ ಕೈಕೊಟ್ಟಿತು, ಮತ್ತೆ ಎಷ್ಟು ಹೊತ್ತಿಗೆ ಸರಿಯಾಯಿತು ಎಂಬುದನ್ನು ತಿಳಿಸಿದರೆ ಅನಗತ್ಯ ಬಿಡಿಭಾಗಗಳ ಖರ್ಚು ಉಳಿಯುತ್ತದೆ.