‘ವಿತ್‌ಹೋಲ್ಡ್’ ಎಂಬ ಕ್ರಿಯಾಪದವೂ ರಾಜಸಮ್ಮತಿಯೂ

ಧಾತುವಿನ ಅರ್ಥವನ್ನು ಉಪಸರ್ಗವು ಬೇರೆಡೆಗೆ ಒಯ್ಯುವುದೆಂಬುದು ಶಾಬ್ದಿಕರಿಗೆ ವಿದಿತವಾದ ವಿಷಯ. ‘ಗ್ರಹ’ ಎಂಬ ಧಾತು ಒಂದೇ. ಆದರೂ ನಿಗ್ರಹವೆಂದರೆ ತಡೆ, ಅನುಗ್ರಹವೆಂದರೆ ಪ್ರಸಾದ. ಇಂಗ್ಲಿಷಿನ ‘ವಿತ್‌ಹೋಲ್ಡ್’ ಎಂಬ ಕ್ರಿಯಾಪದವೂ ಈ ಬಗೆಯದೇ. ‘ಹೋಲ್ಡ್’ ಎಂದರೆ ಹಿಡಿ. ‘ವಿತ್’ ಎಂಬುದಕ್ಕೆ ಈಗ ‘ಕೂಡ’ ಎಂಬ ಅರ್ಥವು ರೂಢವಾಗಿದ್ದರೂ, ಪ್ರಾಚೀನ ಇಂಗ್ಲಿಷಿನಲ್ಲಿ ಅದರ ಮುಖ್ಯಾರ್ಥವು ‘ಎದುರಾಗಿ’ ಎಂದಿದ್ದಿತು. ‘ಕೂಡ’ ಎಂಬರ್ಥಕ್ಕೆ ‘ಮಿಡ್’ ಎಂಬ ಬೇರೆ ಶಬ್ದವಿದ್ದಿತು. ಮಿಡ್ ಶಬ್ದವು ಆ ಅರ್ಥದಲ್ಲಿ ಲುಪ್ತವಾಗಲು ಅದರ ಸ್ಥಾನವನ್ನು ವಿತ್ ಶಬ್ದವು ಆಕ್ರಮಿಸಿತು. ಹಳೆಯ ಅರ್ಥವು ವಿತ್‌ಸ್ಟ್ಯಾಂಡ್, ವಿತ್‌ಡ್ರಾ, ವಿತ್‌ಹೋಲ್ಡ್ ಮೊದಲಾದ ಪದಗಳಲ್ಲಿ ಉಳಿದುಬಂದಿದೆ.

ಮಧ್ಯಕಾಲೀನ ಇಂಗ್ಲಿಷಿನಲ್ಲಿ ಈ ಪದಕ್ಕೆ ‘ಸೇವೆಗೆ ಇರಿಸಿಕೊಳ್ಳು’ ಎಂಬ ಅರ್ಥವೂ ಇದ್ದಿತು. 14ನೆಯ ಶತಮಾನದ ಚಾಸರ್ ಕವಿಯಲ್ಲಿ ಇದಕ್ಕೆ ಪ್ರಯೋಗವುಂಟು. ಆ ಅರ್ಥವು ಅಳಿದು, ‘ಇತರರಿಗೆ ಸಲ್ಲಬೇಕಾದುದನ್ನು ಸಲ್ಲಿಸದೆ ಹಿಡಿದಿಡು’ ಎಂಬುದೇ ಈಗ ನಿಂತಿದೆ. ಕೂಲಿ, ಸಾಕ್ಷ್ಯ, ಸಮ್ಮತಿ ಇವು ಇದರ ಸಾಮಾನ್ಯ ಕರ್ಮಪದಗಳು. ಆದರೆ ಹಿಡಿದಿಡುವುದು ಸ್ವಲ್ಪ ಕಾಲಕ್ಕೋ ಶಾಶ್ವತವಾಗಿಯೋ ಎಂಬುದನ್ನು ಪದವು ಹೇಳುವುದಿಲ್ಲ. ಕನ್ನಡದ ‘ತಡೆ’ ಎಂಬುದರಲ್ಲಿಯೂ ನಿರೋಧ, ವಿಳಂಬ ಎರಡೂ ಅಡಗಿರುವುದನ್ನು ಇಲ್ಲಿ ಹೋಲಿಸಬಹುದು. ಮಾತಿನ ವ್ಯವಹಾರದಲ್ಲಿ ಇದರಿಂದ ಬಾಧಕವಿಲ್ಲ. ರಾಜ್ಯಶಾಸನದಲ್ಲಿ ಮಾತ್ರ ಈ ಸಂದೇಹವು ಮಹತ್ತರವಾದ ವಿವಾದಗಳಿಗೆ ಕಾರಣವಾಗಿದೆ.

ಇಂಗ್ಲೆಂಡಿನಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಮಸೂದೆಗೆ ಅರಸನ ಸಮ್ಮತಿಯಿಲ್ಲದಿರುವಲ್ಲಿ, ‘ಇಲ್ಲ’ ಎನ್ನದೆ, ‘ಅರಸನು ಆಲೋಚಿಸುವನು’ ಎಂದು ನಾರ್ಮನ್ ಫ್ರೆಂಚಿನಲ್ಲಿ ನುಡಿಯುವುದು ಸಂಪ್ರದಾಯವಾಗಿದ್ದಿತು. ವಿಳಂಬದ ಮಾತಿನಿಂದ ನಿರಾಕರಣವನ್ನು ಸೂಚಿಸುವ ಉಪಾಯವಿದು. 1708ರ ಮಾರ್ಚಿ ತಿಂಗಳಿನಲ್ಲಿ ಆನ್ ರಾಣಿಯು ಸ್ಕಾಟ್ಲೆಂಡಿನ ಸೈನ್ಯ ಸಂಬಂಧವಾದ ಮಸೂದೆಯನ್ನು ಮಂತ್ರಿಗಳ ಸಲಹೆಯಂತೆ ಹೀಗೆ ನಿರಾಕರಿಸಿದಳು. ಅದರ ತರುವಾಯ ಅಲ್ಲಿಯ ಯಾವ ಅರಸರೂ ಸಮ್ಮತಿಯನ್ನು ನಿರಾಕರಿಸಿದುದಿಲ್ಲ.

ನಿರಾಕರಣ, ವಿಳಂಬ ಇವೆರಡೂ ಬೇರೆಬೇರೆ ದೋಷಗಳೆಂಬುದನ್ನು ಸ್ಪಷ್ಟವಾಗಿ ಕಂಡವರು ಅಮೆರಿಕದ ವಸಾಹತುಗಳವರು. 1776ರ ಸ್ವಾತಂತ್ರ್ಯ ಘೋಷಣೆಯಲ್ಲಿ ದೊರೆಯ ಮೇಲೆ ಹೊರಿಸಿದ ಮೊದಲ ಆಪಾದನೆಯು ಹಿತಕರವಾದ ಕಾನೂನುಗಳಿಗೆ ಸಮ್ಮತಿಯನ್ನು ನಿರಾಕರಿಸಿದನೆಂಬುದು. ಎರಡನೆಯದು, ತುರ್ತಿನ ಕಾನೂನುಗಳನ್ನು ತನ್ನ ಸಮ್ಮತಿ ಬರುವವರೆಗೆ ನಿಲ್ಲಿಸಿ, ಬಳಿಕ ಅವುಗಳ ಕಡೆಗೆ ನೋಡದೆಯೇ ಹೋದನೆಂಬುದು. ಆದುದರಿಂದಲೇ 1787ರಲ್ಲಿ ರಚಿತವಾದ ಅವರ ಸಂವಿಧಾನವು, ಭಾನುವಾರಗಳನ್ನು ಬಿಟ್ಟು 10 ದಿನಗಳೊಳಗೆ ಅಧ್ಯಕ್ಷನು ಮಸೂದೆಯನ್ನು ಹಿಂದಿರುಗಿಸದಿದ್ದರೆ, ಸಭೆಯು ಮುಗಿದುಹೋಗಿರುವ ಸಂದರ್ಭದ ಹೊರತು, ಅದು ತಾನಾಗಿ ಕಾನೂನಾಗುವುದೆಂದು ವಿಧಿಸಿತು.

ಭಾರತಕ್ಕೆ ಈ ಕ್ರಿಯಾಪದವು ಬ್ರಿಟಿಷರ ಶಾಸನಗಳ ಮೂಲಕ ಬಂದಿತು. 1935ರ ಶಾಸನದ 75ನೆಯ ಪ್ರಕರಣದಲ್ಲಿ ಪ್ರಾಂತದ ಗವರ್ನರನಿಗೆ ಸಮ್ಮತಿಸುವ, ಸಮ್ಮತಿಯನ್ನು ತಡೆಹಿಡಿಯುವ, ಗವರ್ನರ್ ಜನರಲನ ಪರಿಶೀಲನೆಗೆ ಕಾದಿರಿಸುವ ಅಧಿಕಾರಗಳಿದ್ದವು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 111 ಮತ್ತು 200ನೆಯ ಅನುಚ್ಛೇದಗಳಲ್ಲಿ ಈ ಕ್ರಿಯಾಪದವೇ ಉಳಿಯಿತು. ರಾಷ್ಟ್ರಪತಿಯು ಮಸೂದೆಯನ್ನು ಹಿಂದಿರುಗಿಸಲು ಕರಡಿನಲ್ಲಿದ್ದ 6 ವಾರಗಳ ಮಿತಿಯನ್ನು ತೆಗೆದು, ‘ಸಾಧ್ಯವಾದಷ್ಟು ಬೇಗ’ ಎಂಬ ಮಾತನ್ನು ಸೇರಿಸಲಾಯಿತು. 1986ರಲ್ಲಿ ಪಾರ್ಲಿಮೆಂಟು ಅಂಗೀಕರಿಸಿದ ಅಂಚೆ ಕಚೇರಿ ತಿದ್ದುಪಡಿ ಮಸೂದೆಗೆ ರಾಷ್ಟ್ರಪತಿ ಜೈಲ್ ಸಿಂಗರು ಸಮ್ಮತಿಯನ್ನೂ ಕೊಡಲಿಲ್ಲ, ಅದನ್ನು ಹಿಂದಿರುಗಿಸಲೂ ಇಲ್ಲ. ಅದು ಕಾನೂನಾಗದೆಯೇ ಹೋಯಿತು.

ರಾಜ್ಯಪಾಲರ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಪಂಜಾಬಿನ ವ್ಯಾಜ್ಯದಲ್ಲಿ, ಸಮ್ಮತಿಯನ್ನು ತಡೆಹಿಡಿಯುವವರು ಮಸೂದೆಯನ್ನು ಪುನರ್ವಿಮರ್ಶೆಗಾಗಿ ಶಾಸನಸಭೆಗೆ ಹಿಂದಿರುಗಿಸತಕ್ಕದ್ದೆಂದು ತೀರ್ಮಾನಿಸಿತು. 2025ರ ನವೆಂಬರಿನಲ್ಲಿ ಐವರು ನ್ಯಾಯಾಧೀಶರು ಕೊಟ್ಟ ಅಭಿಪ್ರಾಯದಲ್ಲಿ, ಕಾಲಮಿತಿಯನ್ನು ನ್ಯಾಯಾಲಯವು ಗೊತ್ತುಪಡಿಸಲಾಗದೆಂದರೂ, ಹಿಂದಿರುಗಿಸದೆ ಸುಮ್ಮನೆ ತಡೆಹಿಡಿಯುವುದು ಸಲ್ಲದೆಂಬ ಅರ್ಥವೇ ಸ್ಥಿರವಾಯಿತು.

ನಿಗ್ರಹಕ್ಕೆ ಕಾರಣವನ್ನು ಹೇಳಬೇಕಾಗುವುದು. ಅದಕ್ಕೆ ಉತ್ತರವನ್ನೂ ಕೊಡಬಹುದು. ಮೌನದಿಂದ ಹಿಡಿದಿಟ್ಟುದಕ್ಕೆ ಉತ್ತರವಿಲ್ಲ. ಕೋಶವು ಬಿಡಿಸದ ಈ ಗಂಟನ್ನು ಬಿಡಿಸಬೇಕಾದುದು ಶಾಸನದ ಕೆಲಸವೇ ಸರಿ.